ಕೊಳೆಯಕ್ಕ ಕಲೆ ಹಾಕದೆ ಬಿಟ್ಟ ಗೋಡೆ

ಕೊಳೆಯಕ್ಕ ತೀರಿಕೊಂಡಳು. ಮಂಗಳವಾರ ಬೆಳಿಗ್ಗೆ, ತಾನು ವಾಸವಿದ್ದ ಕಟ್ಟಡದ ಮೆಟ್ಟಿಲ ಮೇಲೆ, ಹೃದಯ ನಿಂತು. ಐವತ್ತು ದಾಟಿ ಎರಡು ಮೂರು ವರ್ಷವಾಗಿತ್ತು ಅಷ್ಟೆ. ಆಸ್ಪತ್ರೆಗೇನೋ ಸಾಗಿಸಿದರು, ಅಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಹೆಸರು ಕೇಳಿದವರು ಯಾರೋ ಕೊಳಕು ಹೆಂಗಸು ಅಂದುಕೊಳ್ಳುತ್ತಿದ್ದರು. ಅವಳಷ್ಟು ಅಚ್ಚುಕಟ್ಟಿನವಳನ್ನು ಹುಡುಕಿದರೂ ಸಿಗುವುದು ಕಷ್ಟ. ಮೇಜಿನ ಮೇಲೆ ಲೋಟದ ತಳದ ಗುರುತು ಬಿದ್ದರೆ ಅದನ್ನು ಒರೆಸುವ ತನಕ ಎದುರಿಗಿದ್ದವರ ಮಾತು ಅವಳ ಕಿವಿಗೆ ಹೋಗುತ್ತಿರಲಿಲ್ಲ. ಕೊಳೆ ಇದ್ದದ್ದು ಅವಳ ಕಸುಬಿನಲ್ಲಿ. ವಿಡಿಯೋ ಗೇಮ್ ತಯಾರಿಸುವ ಸ್ಟುಡಿಯೋ ಒಂದರಲ್ಲಿ ಗೋಡೆಗಳಿಗೆ ಕೊಳೆ ಹಚ್ಚುವುದು ಅವಳ ಕೆಲಸವಾಗಿತ್ತು.

ಗೇಮಿನ ಒಳಗಿನ ಊರನ್ನು ಯಾರೂ ಮನೆಮನೆಯಾಗಿ ಕಟ್ಟುವುದಿಲ್ಲ. ಅಷ್ಟು ಕೈಗಳಿರುವುದಿಲ್ಲ, ಅಷ್ಟನ್ನು ಹೊರುವ ಶಕ್ತಿ ಯಂತ್ರಕ್ಕೂ ಇರುವುದಿಲ್ಲ. ಒಂದು ಬೋಳು ಗೋಡೆ, ಕಿಟಕಿ ಇರುವ ಇನ್ನೊಂದು ಗೋಡೆ, ಒಂದು ಮೂಲೆ, ಒಂದು ಬಾಗಿಲು, ನಾಲ್ಕು ಮೆಟ್ಟಿಲು, ಒಂದು ತುಂಡು ಛಾವಣಿ, ಹೀಗೆ ಒಂದಿಷ್ಟು ಪೀಸುಗಳನ್ನು ಮಾಡಿಟ್ಟುಕೊಂಡು ಮಕ್ಕಳು ಮರದ ತುಂಡು ಜೋಡಿಸಿದ ಹಾಗೆ ಜೋಡಿಸುತ್ತಾ ಹೋಗುತ್ತಾರೆ. ಬೀದಿಯಾಗುತ್ತದೆ, ಬೀದಿಗಳು ಸೇರಿ ಊರಾಗುತ್ತದೆ. ತೊಂದರೆ ಏನೆಂದರೆ, ನೋಡುವವರ ಕಣ್ಣು ಬಲು ಚಾಲಾಕಿ. ಅದೇ ಗೋಡೆ ಮೂರನೇ ಸಲ ಎದುರಾದ ಕೂಡಲೇ ಅದಕ್ಕೆ ಗೊತ್ತಾಗಿಬಿಡುತ್ತದೆ. ಅಲ್ಲಿಗೆ ಊರು ಸುಳ್ಳಾಯಿತು.

ಹಾಗೆ ಸುಳ್ಳಾಗದಂತೆ ನೋಡಿಕೊಳ್ಳುವವಳು ಕೊಳೆಯಕ್ಕ. ಒಂದೇ ಗೋಡೆಯನ್ನು ಒಂದು ಕಡೆ ತಿರುಗಿಸಿ ನಿಲ್ಲಿಸುವಳು, ಇನ್ನೊಂದು ಕಡೆ ಅರ್ಧ ಮೆಟ್ಟಿಲ ಹಿಂದೆ ಅಡಗಿಸುವಳು, ಮತ್ತೊಂದು ಕಡೆ ಬಿಸಿಲಿಗೆ ಬಣ್ಣ ಹಾರಿದಂತೆ ತೆಳುವಾಗಿಸುವಳು. ಆಮೇಲೆ ಕಲೆ. ಕಿಟಕಿಯ ಚೌಕಟ್ಟಿನ ಕೆಳಗೆ ನೀರು ಇಳಿದ ಗೆರೆ, ಚಿಲಕದ ಸುತ್ತ ಕೈ ತಾಗಿ ತಾಗಿ ಕಪ್ಪಾದ ಜಾಗ, ಕುರ್ಚಿಯ ಬೆನ್ನು ಉಜ್ಜಿ ಸುಣ್ಣ ಕಿತ್ತುಹೋದ ಪಟ್ಟಿ. ಕಲೆಗೆ ಒಂದು ಕಾರಣ ಇರಲೇಬೇಕು ಎನ್ನುವುದು ಅವಳ ಹಟ. "ಇಲ್ಲಿ ಯಾರು ಒರಗಿದ್ದರು? ಎಷ್ಟು ಎತ್ತರದ ಮನುಷ್ಯ? ಯಾರನ್ನ ಕಾಯ್ತಿದ್ದ?" ಎಂದು ಕೇಳುವಳು. ಉತ್ತರವಿಲ್ಲದ ಕಲೆಯನ್ನು ಅಳಿಸಿಬಿಡುವಳು.

ಪೀಸುಗಳನ್ನು ಮಾಡುತ್ತಿದ್ದವನಿಗೆ ಸ್ಟುಡಿಯೋದಲ್ಲಿ ಮೇಸ್ತ್ರಿ ಎಂದೇ ಹೆಸರು. ಅವನು ಕಟ್ಟುವವನು, ಅವಳು ಕೆಡಿಸುವವಳು. ಅಕ್ಕಪಕ್ಕದ ಮೇಜು. ವರ್ಷಗಟ್ಟಲೆ ಕಾಲು ಕೆರೆದು ಜಗಳ.

"ನಾನು ನೀಟಾಗಿ ಕಟ್ಟೋದು, ನೀನು ಬಂದು ಅದರ ಮೇಲೆ ಉಗಿಯೋದು. ಇದೇ ಆಯ್ತು ನಮ್ಮ ಬಾಳು," ಎನ್ನುತ್ತಿದ್ದ ಮೇಸ್ತ್ರಿ.

"ನೀನು ಕಟ್ಟಿದ್ದು ಗೋಡೆ ಕಣೋ. ನಾನು ಉಗಿದ ಮೇಲೇ ಅದು ಮನೆ ಆಗೋದು."

"ಹಾಗಾದ್ರೆ ನಿಮ್ಮನೆ ಯಾಕಕ್ಕಾ ಆಸ್ಪತ್ರೆ ಥರ ಇದೆ?"

"ನಮ್ಮನೇಲಿ ನಮ್ಮಕ್ಕ ಇದಾಳೆ. ಅವಳಿರೋ ಕಡೆ ಕೊಳೆ ನಿಲ್ಲೋಕೆ ಧೈರ್ಯ ಮಾಡಲ್ಲ."

ಅವಳಿಗೆ ಇನ್ನೊಂದು ಅಭ್ಯಾಸವಿತ್ತು. ದಾರಿಯಲ್ಲಿ ನಡೆಯುತ್ತಾ ಥಟ್ಟನೆ ನಿಂತು ಯಾವುದಾದರೂ ಗೋಡೆಯನ್ನು ಕಣ್ಣು ಕಿರಿದಾಗಿಸಿ ನೋಡುವುದು. ಜೊತೆಗಿದ್ದವರು ಹತ್ತು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿ ನಗಬೇಕು. ಕಡೆಯ ವರ್ಷದಲ್ಲಿ ಈ ನಿಲ್ಲುವುದು ಹೆಚ್ಚಾಯಿತು. ಸ್ಟುಡಿಯೋದ ಮೆಟ್ಟಿಲು ಹತ್ತುವಾಗ ಪ್ರತಿ ತಿರುವಿನಲ್ಲೂ ನಿಲ್ಲತೊಡಗಿದಳು. "ಏನಕ್ಕಾ?" ಎಂದರೆ "ಗೋಡೆ ನೋಡ್ತಿದೀನಿ" ಎನ್ನುವಳು. ಆ ಗೋಡೆಗೆ ಆಗಷ್ಟೇ ಹೊಸ ಸುಣ್ಣ ಹೊಡೆದಿತ್ತು, ನೋಡಲು ಅಲ್ಲಿ ಏನೂ ಇರಲಿಲ್ಲ. ಬೇರೆ ಯಾರಾದರೂ ಹಾಗೆ ನಿಂತಿದ್ದರೆ ಉಸಿರು ಕಟ್ಟುತ್ತಿದೆ ಎಂದು ಎಂಥವರಿಗೂ ಹೊಳೆಯುತ್ತಿತ್ತು. ಕೊಳೆಯಕ್ಕ ನಿಂತರೆ ಗೋಡೆ ನೋಡುತ್ತಿದ್ದಾಳೆ, ಅಷ್ಟೆ. ವೈದ್ಯರು ಪರೀಕ್ಷೆಗೆ ಬಾ ಎಂದು ಹೇಳಿದ್ದದ್ದು ಅವಳು ಹೋದ ಮೇಲೆ ತಿಳಿಯಿತು. ಅಕ್ಕನದೊಂದು ದಾರಿ ನೋಡಿ ಬರ್ತೀನಿ ಎಂದು ಮುಂದೆ ಹಾಕಿದ್ದಳಂತೆ.

ಅಕ್ಕನ ದಾರಿಯೇ ಅವಳಿಗೆ ದೊಡ್ಡ ಚಿಂತೆಯಾಗಿತ್ತು.

ಅಕ್ಕ ಇಡೀ ಕೆಲಸದ ಬಾಳನ್ನು ಬಸ್ಸಿನಲ್ಲಿ ಕಳೆದವರು, ಕಂಡಕ್ಟರ್ ಆಗಿ. ವಸತಿ ಸಮುಚ್ಚಯದಲ್ಲಿ ಎಲ್ಲರಿಗೂ ಅವರು ಕಂಡಕ್ಟರಮ್ಮ. ತಾಯಿ ಹೋದ ಮೇಲೆ ತಂಗಿಯನ್ನು ಬೆಳೆಸಿದ್ದು ಅವರೇ. ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ನೋಡಿಕೊಳ್ಳುವವರಿಲ್ಲದೆ ಬಸ್ಸಿಗೇ ಕರೆದುಕೊಂಡು ಹೋಗಿ ಕಿಟಕಿಯ ಪಕ್ಕ ಕೂರಿಸುತ್ತಿದ್ದರು. ಕತ್ತಲಾಗುವವರೆಗೆ ಅವಳ ಕಣ್ಣ ಮುಂದೆ ಗೋಡೆಗಳು ಓಡುತ್ತಿದ್ದವು. ಅವಳು ಮದುವೆಯ ಗೋಜಿಗೆ ಹೋಗಲಿಲ್ಲ, ಅಕ್ಕನೂ ಹೋಗಿರಲಿಲ್ಲ. ಇಬ್ಬರ ನಡುವಿನವನು ಒಬ್ಬ ಅಣ್ಣ, ಬೇರೆ ಊರಿನಲ್ಲಿ ಸಂಸಾರವಂದಿಗ.

ಮರೆವು ಮೊದಲು ಸಣ್ಣದಾಗಿ ಬಂತು. ಹಾಲು ಕಾಯಿಸಿ ಮತ್ತೆ ಕಾಯಿಸುವುದು, ಒಂದೇ ಮಾತನ್ನು ಎರಡು ಸಲ ಕೇಳುವುದು. ಆಮೇಲೆ ವೈದ್ಯರು ಅದಕ್ಕೊಂದು ಹೆಸರು ಕೊಟ್ಟರು. ಆ ದಿನ ಆಸ್ಪತ್ರೆಯಿಂದ ಹೊರಗೆ ಬಂದು ನಿಂತಾಗ ಕಂಡಕ್ಟರಮ್ಮನಿಗೆ ಮನಸ್ಸು ತಿಳಿಯಾಗಿಯೇ ಇತ್ತು.

"ಪುಟ್ಟಿ, ಒಂದು ಮಾತು. ನನ್ನ ಕೂಡಿ ಹಾಕಬೇಡ. ಬೈಯಿ, ಹೊಡಿ, ಏನು ಬೇಕಾದ್ರೂ ಮಾಡು. ಬಾಗಿಲು ಮಾತ್ರ ಹೊರಗಿಂದ ಹಾಕಬೇಡ."

"ಹಾಕಲ್ಲ ಅಕ್ಕ."

"ನಾನು ದಿನಾ ಊರೆಲ್ಲ ಸುತ್ತಿದವಳು."

"ಗೊತ್ತಕ್ಕ. ಹಾಕಲ್ಲ."

ಮಾತು ಕೊಡುವುದು ಸುಲಭವಾಗಿತ್ತು. ಆದರೆ ಅವರಿದ್ದ ಜಾಗ ಎಂಥದ್ದೆಂದರೆ, ಎಂಟು ಕಟ್ಟಡಗಳು, ಎಂಟೂ ಒಂದೇ ಅಚ್ಚಿನವು. ಅದೇ ತಿಳಿ ಕೆನೆ ಬಣ್ಣ, ಅದೇ ಕಂದು ಬಾಗಿಲು, ಅದೇ ಮೆಟ್ಟಿಲು, ಅದೇ ಟ್ಯೂಬ್‌ಲೈಟು. ಮೇಸ್ತ್ರಿ ಮೊದಲ ಸಲ ಅಲ್ಲಿಗೆ ಬಂದಾಗ "ಇದನ್ನ ಕಟ್ಟಿದೋನಿಗೆ ಪೀಸ್ ಕಮ್ಮಿ ಬಿದ್ದಿದೆ" ಎಂದಿದ್ದ. ಕಂಡಕ್ಟರಮ್ಮ ಬೆಳಿಗ್ಗೆ ಸಂಜೆ ಗೇಟಿನ ತನಕ ನಡೆದು ಬರುವವರು. ಹೋಗುವಾಗ ತೊಂದರೆಯಿಲ್ಲ. ಬರುವಾಗ ಯಾವುದೋ ಕಟ್ಟಡಕ್ಕೆ ನುಗ್ಗಿ, ಎರಡನೇ ಮಹಡಿ ಹತ್ತಿ, ಎಡಗಡೆಯ ಬಾಗಿಲು ತಳ್ಳಿಬಿಡುತ್ತಿದ್ದರು. ಬೀಗ ಹಾಕಿದ್ದರೆ ಕುತ್ತಿಗೆಯ ಸರದಲ್ಲಿದ್ದ ಬೀಗದ ಕೈಯಿಂದ ಆ ಬೀಗದ ಜೊತೆ ಗುದ್ದಾಡುತ್ತಾ ನಿಲ್ಲುವರು. ತೆರೆದಿದ್ದರೆ ಸೀದಾ ಒಳಗೆ. ಒಮ್ಮೆ ಯಾರದೋ ಮನೆಯ ಹೊಸಿಲಲ್ಲಿ ನಿಂತು ಮಾತಾಡುತ್ತಿದ್ದ ಮೂರು ಜನರನ್ನು "ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಜಾಗ ಇದೆ" ಎಂದು ಅವರ ಮನೆಯೊಳಕ್ಕೇ ದಬ್ಬಿದ್ದರು. ಜನ ನಕ್ಕರು, ಕೈಹಿಡಿದು ಕರೆತಂದು ಬಿಟ್ಟರು.

ನಗು ಒಂದು ಬೆಳಿಗ್ಗೆ ನಿಂತುಹೋಯಿತು. ಎದುರು ಕಟ್ಟಡದ ಮನೆಯೊಂದರಲ್ಲಿ ಎಳೆಗೂಸು ಮಲಗಿತ್ತು, ತಾಯಿ ಸ್ನಾನಕ್ಕೆ ಹೋಗಿದ್ದಳು. ಅವಳು ಹೊರಗೆ ಬಂದು ನೋಡಿದರೆ ತೊಟ್ಟಿಲು ಖಾಲಿ. ಕಂಡಕ್ಟರಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಬಳಿ ನಿಂತು, "ಅಳಬೇಡ ಪುಟ್ಟಿ, ಇನ್ನೊಂದೇ ಟ್ರಿಪ್ಪು" ಎನ್ನುತ್ತಿದ್ದರು. ಆ ತಾಯಿಯ ಕೂಗು ಎಂಟು ಕಟ್ಟಡಕ್ಕೂ ಕೇಳಿಸಿತು.

ನಿವಾಸಿಗಳ ಸಂಘದ ಕಾರ್ಯದರ್ಶಿ ಸಂಜೆಯೇ ಮನೆಗೆ ಬಂದ. ಕೆಟ್ಟವನಲ್ಲ, ಆದರೆ ಹೆದರಿದ್ದ. "ನೋಡಿಮ್ಮಾ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಇನ್ನೊಂದ್ಸಲ ಹೀಗಾದ್ರೆ ಒಂಟಿಯಾಗಿ ಹೊರಗೆ ಬಿಡೋ ಹಾಗಿಲ್ಲ ಅಂತ ಸಭೇಲಿ ಬರೆಸಬೇಕಾಗುತ್ತೆ."

ಅಣ್ಣನಿಗೆ ಸುದ್ದಿ ಮುಟ್ಟಿತು. ಅವನು ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ. "ಪುಟ್ಟಿ, ಅಂಥೋರನ್ನ ನೋಡಿಕೊಳ್ಳೋ ಜಾಗ ಇಲ್ಲೊಂದಿದೆ. ಊಟ, ಔಷಧಿ, ನರ್ಸು ಎಲ್ಲಾ ಇದೆ. ಗೇಟಿಗೆ ಬೀಗ ಇರುತ್ತೆ ನಿಜ. ರಸ್ತೇಲಿ ಲಾರಿ ಕೆಳಗೆ ಸಿಗೋದಕ್ಕಿಂತ ವಾಸಿ ಅಲ್ವಾ?"

"ಅವಳು ಕಳೆದು ಹೋಗ್ತಿಲ್ಲ ಅಣ್ಣ. ಮನೆಗೇ ಬರ್ತಿದಾಳೆ. ಮನೆಗಳು ಒಂದೇ ಥರ ಇವೆ, ಅವಳ ತಪ್ಪೇನು?"

"ನಿನ್ನ ಗೇಮಿನ ಮಾತು ನನ್ನ ಹತ್ರ ಬೇಡ."

ಆದರೆ ಅವಳಿಗೆ ಬೇರೆ ಮಾತು ಬರುತ್ತಿರಲಿಲ್ಲ. ಒಂದೇ ಥರದ ಗೋಡೆಗಳನ್ನು ಬೇರೆ ಬೇರೆ ಮಾಡುವುದೇ ತಾನೆ ಅವಳ ವಿದ್ಯೆ? ಬಾಗಿಲಿಗೆ ಒಣಹೂವಿನ ಬಳೆ ತೂಗುಹಾಕಿದಳು. ಹೊಸಿಲ ಮುಂದೆ ಕೆಂಪು ಕಾಲೊರಸು. ಮೆಟ್ಟಿಲ ಕಂಬಿಗೆ ಬಣ್ಣದ ನೂಲು ಸುತ್ತಿದಳು. ಮೊದಲ ತಿರುವಿನಲ್ಲಿ ಹಳೆಯ ಬಸ್ಸಿನ ಚಿತ್ರ, ಎರಡನೆಯದರಲ್ಲಿ ಕನ್ನಡಿ, ಹಾದಿಯುದ್ದಕ್ಕೂ ಕುಂಡಗಳು, ಕುಂಡಕ್ಕೊಂದು ಬಣ್ಣ. ಒಂದೊಂದೂ ಚೆಂದ. ಒಂದೊಂದಕ್ಕೂ ಕಾರಣ ಇತ್ತು. ಕಂಡಕ್ಟರಮ್ಮ ಪ್ರತಿಯೊಂದರ ಮುಂದೆಯೂ ನಿಂತು ನೋಡಿದರು, ಮುಟ್ಟಿದರು, ಹೊಗಳಿದರು, ತಿರುಗಿ ಎದುರು ಕಟ್ಟಡಕ್ಕೆ ಹೋದರು.

ಅದೇ ಹೊತ್ತಿಗೆ ಸ್ಟುಡಿಯೋದಲ್ಲೂ ಅವಳ ಗ್ರಹಚಾರ ನೆಟ್ಟಗಿರಲಿಲ್ಲ. ಆಗ ಮಾಡುತ್ತಿದ್ದ ಗೇಮಿನಲ್ಲಿ ಹಳೇ ಪೇಟೆ ಎಂಬ ಭಾಗವೊಂದಿತ್ತು. ಸಂದಿಗೊಂದಿಗಳ ಜಾಗ, ಅವುಗಳ ನಡುವೆ ಒಂದು ಬಾವಿ. ಆಡುವವರು ಬಾವಿಯನ್ನು ಮುಟ್ಟಬೇಕು. ಆಡಿ ನೋಡಲು ಕರೆಸಿದವರು ಮುಟ್ಟುತ್ತಿರಲಿಲ್ಲ. ಗಾಣದೆತ್ತಿನಂತೆ ಸುತ್ತಿ ಸುತ್ತಿ ಬೇಸತ್ತು ಬಿಟ್ಟುಬಿಡುತ್ತಿದ್ದರು. ಗೇಮಿನ ನಿರ್ದೇಶಕಿ "ಎಲ್ಲಾ ಸಂದಿನೂ ಒಂದೇ ಥರ ಅನ್ನಿಸ್ತಿದೆ" ಎಂದಳು. ಕೊಳೆಯಕ್ಕನಿಗೆ ರೇಗಿತು. ಒಂದೇ ಥರ ಹೇಗಾಗುತ್ತದೆ? ಒಂದು ವರ್ಷ ಕೂತು ಒಂದೊಂದು ಗೋಡೆಗೂ ಬೇರೆ ಕಲೆ ಕೂರಿಸಿದ್ದಳು. ಹಟಕ್ಕೆ ಬಿದ್ದು ಇನ್ನಷ್ಟು ಹಾಕಿದಳು. ಪಾಚಿ, ಬಿರುಕು, ಹರಿದ ಚೀಟಿ, ಮೊಳೆ ಕಿತ್ತ ತೂತು. ಮುಂದಿನ ಸಲ ಬಂದವರು ಇನ್ನೂ ಬೇಗ ದಾರಿ ತಪ್ಪಿದರು.

"ಅಕ್ಕಾ, ಸ್ವಲ್ಪ ಕೈ ಬಿಗಿ ಹಿಡಿ," ಎಂದ ಮೇಸ್ತ್ರಿ.

"ನೀನು ಇನ್ನೆರಡು ಪೀಸ್ ಜಾಸ್ತಿ ಕೊಟ್ಟಿದ್ರೆ ನನಗೆ ಈ ಗತಿ ಬರ್ತಿರಲಿಲ್ಲ."

"ಕೊಟ್ಟಿದ್ರೆ ಅದರ ಮೇಲೂ ಉಗೀತಿದ್ದೆ."

ಆ ಹೊತ್ತು ಅವಳು ನಗಲಿಲ್ಲ.

ಹಗಲಲ್ಲಿ ಕಂಡಕ್ಟರಮ್ಮನ ಜೊತೆಗಿರಲು ಬರುತ್ತಿದ್ದ ಹೆಂಗಸು ಒಂದು ದಿನ ಬರಲಿಲ್ಲ. ಕೊಳೆಯಕ್ಕ ಬೇರೆ ದಾರಿಯಿಲ್ಲದೆ ಅಕ್ಕನನ್ನು ಸ್ಟುಡಿಯೋಗೆ ಕರೆತಂದಳು. ಮಧ್ಯಾಹ್ನದ ತನಕ ಅವರು ಸುಮ್ಮನೆ ಕೂತರು. ಆಮೇಲೆ ಬೇಸರವಾಗಿ ಒದ್ದಾಡತೊಡಗಿದರು. ಮೇಸ್ತ್ರಿ ತನ್ನ ದೊಡ್ಡ ಪರದೆಯ ಮುಂದೆ ಅವರನ್ನು ಕೂರಿಸಿ, ಆಟ ನಡೆಸುವ ಕಂಟ್ರೋಲರ್ ಕೈಗೆತ್ತಿಕೊಂಡ.

"ಬನ್ನಿ ಕಂಡಕ್ಟರಮ್ಮ. ಬಸ್ಸು ನಿಮ್ಮದು. ಎಲ್ಲಿಗೆ ಅಂತೀರೋ ಅಲ್ಲಿಗೆ."

"ಡ್ರೈವರ್ ಯಾರು?"

"ನಾನೇ."

"ಮುಖ ನೋಡಿದ್ರೆ ಹಾಗೆ ಕಾಣಲ್ಲ. ಲೈಸೆನ್ಸ್ ಇದೆಯಾ?"

"ನಿಮ್ಮ ತಂಗೀನೇ ಕೊಟ್ಟಿರೋದು."

"ಹಾಗಾದ್ರೆ ನಿಧಾನಕ್ಕೆ ಹೊಡಿ. ರೈಟ್, ಹೋಗೋಣ."

ಊರ ಹೆಬ್ಬಾಗಿಲಿನಿಂದ ಹೊರಟರು. ಅಗಲದ ರಸ್ತೆ. ಅಲ್ಲಿಗೆ ಕೊಳೆಯಕ್ಕನ ಕೈ ಇನ್ನೂ ಬಿದ್ದಿರಲಿಲ್ಲ, ಬೋಳು ಗೋಡೆಗಳು. ದೂರದಲ್ಲಿ ಒಂದು ಗಡಿಯಾರದ ಗೋಪುರ. ಕಂಡಕ್ಟರಮ್ಮ ಬೆರಳು ತೋರಿಸಿ, "ನೇರ. ಆ ಗಡಿಯಾರದ ತನಕ ಯಾರೂ ಇಳಿಯೋರಿಲ್ಲ" ಎಂದರು. ಗೋಪುರ ದಾಟಿ ಹಳೇ ಪೇಟೆ ಬಂತು. ಮೊದಲ ಸಂದಿಗೆ ತಿರುಗಿದ ಕೂಡಲೇ ಅವರು ಮುಂದಕ್ಕೆ ಬಗ್ಗಿದರು.

"ನಿಲ್ಲಿಸು. ಇಲ್ಲಿ ಏನೋ ಇದೆ."

ಮೇಸ್ತ್ರಿ ನಿಲ್ಲಿಸಿದ. ಅದೊಂದು ನೀರಿನ ಗೆರೆ.

"ಇಲ್ಲೂ ಇದೆ. ನಿಲ್ಲಿಸು. ಇಲ್ಲಿ ಯಾರೋ ಒರಗಿದ್ರು." ಮುಂದಿನ ಗೋಡೆ. "ಇದೇನು, ಏನೋ ಬರ್ದಿದಾರೆ. ಇಲ್ಲೂ." ದನಿ ಏರತೊಡಗಿತು. "ಇದು ಯಾವ ಸ್ಟಾಪು? ಹೇಳಲ್ಲ ಯಾಕೆ? ಇದು ಯಾವ ಸ್ಟಾಪು?"

"ಅಕ್ಕ, ಏನಿಲ್ಲ, ಇದು ಆಟ," ಎಂದು ಕೊಳೆಯಕ್ಕ ಹೆಗಲು ಮುಟ್ಟಿದಳು.

ಕಂಡಕ್ಟರಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಗೇಮಿನಲ್ಲಿ ಇನ್ನೂ ಸದ್ದನ್ನೇ ಸೇರಿಸಿರಲಿಲ್ಲ. "ಎಲ್ರೂ ಒಟ್ಟಿಗೆ ಮಾತಾಡ್ತಿದಾರೆ ಪುಟ್ಟಿ! ಒಬ್ಬೊಬ್ರಾಗಿ ಹೇಳಕ್ಕೆ ಹೇಳು. ನನಗೆ ಯಾರ ಮಾತೂ ಕೇಳಿಸ್ತಿಲ್ಲ. ನಾನು ಇಳೀಬೇಕು, ನಾನು ಇಳೀಬೇಕು!"

ಮೇಸ್ತ್ರಿ ಪರದೆ ಆರಿಸಿದ. ಕೊಳೆಯಕ್ಕ ಅಕ್ಕನನ್ನು ತಬ್ಬಿಕೊಂಡು ನಿಂತಳು. ಮುದುಕಿ ಬಾಗಿಲ ಕಡೆಗೇ ಎಳೆಯುತ್ತಿದ್ದರು. ಇಷ್ಟು ವರ್ಷ ಅವಳು ಹಚ್ಚಿದ ಕಲೆಗಳನ್ನು ಜನ ಹೊಗಳಿದ್ದುಂಟು, ಗಮನಿಸದೆ ಹೋದದ್ದುಂಟು. ಹೆದರಿದ್ದು ಅಕ್ಕ ಒಬ್ಬರೇ.

ಮನೆಗೆ ಹೋದಾಗ ಹಾದಿಯ ಕುಂಡಗಳು, ಕಂಬಿಯ ನೂಲು, ಬಸ್ಸಿನ ಚಿತ್ರ, ಕನ್ನಡಿ, ಒಣಹೂವು ಎಲ್ಲವೂ ಅವಳ ಕಣ್ಣಿಗೆ ಹೊಡೆದವು. ಪೇಟೆಯಲ್ಲಿ ಮಾಡಿದ್ದನ್ನೇ ಮನೆಯಲ್ಲೂ ಮಾಡಿಟ್ಟಿದ್ದಳು. ಎಲ್ಲ ಗೋಡೆಯೂ ಬೇರೆಯಾದರೆ ಬೇರೆ ಅನ್ನುವುದಕ್ಕೇ ಬೆಲೆ ಉಳಿಯುವುದಿಲ್ಲ. ಈ ಮಾತನ್ನು ಅವಳು ಹೊಸಬರಿಗೆ ಎಷ್ಟು ಸಲ ಹೇಳಿಕೊಟ್ಟಿದ್ದಳೋ. ತನ್ನ ವಿಷಯಕ್ಕೆ ಬಂದಾಗ ಮರೆತಿದ್ದಳು. ಭಯಕ್ಕೆ ಕೈ ಸುಮ್ಮನಿರುವುದಿಲ್ಲ, ಹಾಕುತ್ತಲೇ ಹೋಗುತ್ತದೆ.

ಮಾರನೆಯ ದಿನ ಮೇಜಿಗೆ ಬಂದವಳೇ, "ಮೇಸ್ತ್ರಿ, ಒರೆಸೋಣ" ಎಂದಳು.

"ಎಷ್ಟು?"

"ತಿರುವಿನ ಹತ್ರ ಇರೋದು ಬಿಟ್ಟು ಎಲ್ಲಾ."

"ಒಂದು ವರ್ಷದ ಕೆಲಸ ಅಕ್ಕಾ ಅದು. ಹುಚ್ಚಾ ನಿನಗೆ?"

"ನೀನು ಒಂದು ಛಾವಣಿ ಎತ್ತರ ಮಾಡು. ಆಮೇಲೆ ಆ ಮೂಲೆ ಗೋಡೆ ಕೊಂಚ ವಾಲಿಸು. ಬಾವಿ ಕಡೆ ತಿರುಗೋ ಕಡೆ ಬಿಸಿಲು ಬೀಳೋ ಹಾಗೆ ಮೇಲುಗಡೆ ತೆರೆದು ಬಿಡು. ಮಿಕ್ಕಿದ್ದೆಲ್ಲ ಸುಮ್ಮನಿರಲಿ. ಒಂದು ಸಂದಿಗೆ ಒಬ್ಬರೇ ಮಾತಾಡಬೇಕು."

ಅವಳೇ ಕೂತು ಅಳಿಸಿದಳು. ಪಕ್ಕದಲ್ಲಿದ್ದವರಿಗೆ ನೋಡಲಾಗಲಿಲ್ಲ. ಪ್ರತಿ ಕಲೆಯ ಮೇಲೆ ಒಂದು ಕ್ಷಣ ನಿಲ್ಲುವಳು, ಇಲ್ಲಿ ಒರಗಿದ್ದವನು ಯಾರು ಎಂದು ಅವಳಿಗೆ ನೆನಪಿತ್ತು, ಆಮೇಲೆ ಅಳಿಸುವ ಗುಂಡಿ ಒತ್ತುವಳು. ಮುಂದಿನ ಸಲ ಆಡಲು ಬಂದವರು ಮಾತಾಡಿಕೊಂಡೇ ಬಾವಿಯ ತನಕ ಹೋದರು. ಗೋಡೆಗಳನ್ನು ಯಾರೂ ಗಮನಿಸಲೂ ಇಲ್ಲ. ನಿರ್ದೇಶಕಿ ಚಪ್ಪಾಳೆ ತಟ್ಟಿದಳು. ಕೊಳೆಯಕ್ಕ ಮಾತ್ರ ಗಡಿಯಾರ ನೋಡುತ್ತಿದ್ದಳು. ಅಕ್ಕ ಸಂಜೆಯ ನಡಿಗೆಗೆ ಹೊರಡುವ ಹೊತ್ತಾಗಿತ್ತು.

ಆ ಸಂಜೆಯೇ ಎಡವಟ್ಟಾಯಿತು. ಕಂಡಕ್ಟರಮ್ಮ ಮೂರನೇ ಕಟ್ಟಡದ ಒಂದು ಮನೆಗೆ ನುಗ್ಗಿ, ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಮುದುಕನೊಬ್ಬನನ್ನು ತಟ್ಟಿ, "ಏಳ್ರೀ, ಇದು ಹೆಂಗಸರ ಸೀಟು" ಎಂದು ಗದರಿಸಿದರು. ಅವನು ಗಾಬರಿಯಲ್ಲಿ ಎದ್ದು ಕಾಲು ಜಾರಿ ಬಿದ್ದ. ಮಣಿಕಟ್ಟು ಮುರಿಯಿತು.

ಅಣ್ಣ ಈ ಸಲ ವಾದ ಮಾಡಲಿಲ್ಲ. "ಮುಂದಿನ ಗುರುವಾರ ಬರ್ತೀನಿ. ಅವಳ ಬಟ್ಟೆ ಕಟ್ಟಿಡು" ಎಂದ. ಆಮೇಲೆ ಅವಳು ಅಳುವುದು ಕೇಳಿಸಿತೋ ಏನೋ, "ನಾನು ಬರೋ ಹೊತ್ತಿಗೆ ಅವಳು ತಾನಾಗೇ ಮನೆ ಸೇರ್ತಿದ್ರೆ ಬಾಯಿ ಮುಚ್ಕೊಂಡು ವಾಪಸ್ ಹೋಗ್ತೀನಿ. ಇಲ್ಲಾಂದ್ರೆ ನೀನು ಅಡ್ಡ ಬರಬಾರದು" ಎಂದ.

ಅವಳು ಸಂಘದ ಸಭೆಗೆ ಅರ್ಜಿ ಹಾಕಿದಳು. ಕೇಳಿದ್ದು ಇಷ್ಟೇ. ತಮ್ಮ ಕಟ್ಟಡದ ಪ್ರವೇಶದ ಗೋಡೆಗೆ, ಹಾದಿಯಿಂದ ಕಾಣುವ ಹಾಗೆ, ನೆಲದಿಂದ ಮೊದಲ ತಿರುವಿನ ತನಕ ಒಂದೇ ಒಂದು ಬಣ್ಣ. ಎಲ್ಲ ಕಟ್ಟಡಗಳೂ ಒಂದೇ ಥರ ಇರಬೇಕೆಂಬುದು ನಿಯಮ ಎಂದ ಕಾರ್ಯದರ್ಶಿ. ಮೇಸ್ತ್ರಿ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡೇ ಬಂದಿದ್ದ. ಎಂಟು ಕಟ್ಟಡಗಳನ್ನೂ ಅದರೊಳಗೆ ಕಟ್ಟಿಟ್ಟಿದ್ದ. ಕಟ್ಟುವುದೇನು, ಒಂದನ್ನು ಕಟ್ಟಿ ಎಂಟು ಸಲ ಇಟ್ಟಿದ್ದ.

"ಸಾರ್, ಗೇಟಿಂದ ನಿಮ್ಮನೆಗೆ ಹೋಗಿ ನೋಡೋಣ. ಈ ಗುಂಡಿ ಒತ್ತಿದ್ರೆ ಮುಂದೆ."

"ಇದೇನು ದೊಡ್ಡ ವಿಷಯ," ಎಂದು ಕಾರ್ಯದರ್ಶಿ ಹೊರಟ. ತಿರುಗಿದ, ಹತ್ತಿದ, ಬಾಗಿಲ ಮುಂದೆ ನಿಂತ. "ಇದೇ ನಮ್ಮನೆ."

"ಇದು ಆರನೇ ಕಟ್ಟಡ ಸಾರ್. ನಿಮ್ಮದು ಐದು."

"ಹೇಗೆ ಸಾಧ್ಯ? ನಿಮ್ಮ ಯಂತ್ರ ಸರಿಯಿಲ್ಲ. ನಮ್ಮನೆ ಹತ್ರ ಸ್ಕೂಟರ್ ನಿಂತಿರುತ್ತೆ."

"ಸ್ಕೂಟರ್ ತೆಗೆದ್ರೆ?"

ಎಲ್ಲರೂ ನಕ್ಕರು, ಅವನ ಹೆಂಡತಿ ಎಲ್ಲರಿಗಿಂತ ಜೋರಾಗಿ. "ದಿನಾ ಲೇಟಾಗಿ ಬರೋದು ಇದಕ್ಕೇನಾ?" ಎಂದಳು. ನಗು ತಣ್ಣಗಾದ ಮೇಲೆ ಹಿಂದಿನ ಸಾಲಿನಿಂದ ಆ ಎಳೆಗೂಸಿನ ತಾಯಿ ಎದ್ದಳು. ಅವಳ ಮುಖದಲ್ಲಿ ನಗು ಇರಲಿಲ್ಲ. "ಹಚ್ಚಲಿ ಬಿಡಿ ಸಾರ್. ಅವರು ನಮ್ಮನೆ ಕಡೆ ಬರದಿದ್ರೆ ನನಗೆ ಅಷ್ಟು ಸಾಕು."

ಶನಿವಾರ, ಭಾನುವಾರ ಕೊಳೆಯಕ್ಕ, ಮೇಸ್ತ್ರಿ ಇಬ್ಬರೂ ಸೇರಿ ಬಣ್ಣ ಹಚ್ಚಿದರು. ಗಟ್ಟಿ ಹಳದಿ, ಗೇಟಿನಿಂದಲೇ ಕಾಣುವಂಥದ್ದು. ಹಾದಿಯ ಕುಂಡಗಳನ್ನು ಒಯ್ದು ಹಿತ್ತಲ ಕಡೆ ಇಟ್ಟಾಗಿತ್ತು, ಮೆಟ್ಟಿಲ ಅಲಂಕಾರವೆಲ್ಲ ಪೆಟ್ಟಿಗೆಯಲ್ಲಿತ್ತು. ಅವಳು ಆಗಾಗ ಬ್ರಷ್ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂರುವಳು. "ಗೋಡೆ ನೋಡ್ತಿದೀಯಾ?" ಎಂದು ಮೇಸ್ತ್ರಿ ಕೇಳಿದರೆ "ಹೂಂ" ಎನ್ನುವಳು.

"ಒಂದು ಚುಕ್ಕೆ ಕೂಡ ಇಡಲ್ವಾ? ಮೂಲೇಲಿ, ಯಾರಿಗೂ ಕಾಣದ ಹಾಗೆ?"

"ಕೈ ಕಡೀತಿದೆ ಕಣೋ, ನಿಜ ಹೇಳ್ತೀನಿ." ಬಣ್ಣದ ಹನಿಯೊಂದು ಇಳಿದು ಗೆರೆಯಾಯಿತು. ಅವಳು ಅದನ್ನೇ ದಿಟ್ಟಿಸಿ, ಆಮೇಲೆ ಬ್ರಷ್ಷಿನ ಅಂಚಿನಿಂದ ನೀಟಾಗಿ ಎಳೆದುಬಿಟ್ಟಳು. ಮೊಳಕೈ ಎತ್ತರಕ್ಕಿಂತ ಮೇಲೆ ಹಚ್ಚುವಾಗಲೆಲ್ಲ ಮೇಸ್ತ್ರಿಯ ಕೈಗೇ ಬ್ರಷ್ ಕೊಡುತ್ತಿದ್ದಳು. ಅವನು ಉದ್ದ ಇದ್ದಾನೆ, ಅದಕ್ಕೇ ಎಂದು ಎಲ್ಲರೂ ಅಂದುಕೊಂಡರು.

ಸೋಮವಾರ ಕಂಡಕ್ಟರಮ್ಮ ನಡಿಗೆಗೆ ಹೋಗಿ ವಾಪಸಾದರು. ಕೊಳೆಯಕ್ಕ ಮೊದಲ ತಿರುವಿನ ಕಿಟಕಿಯಲ್ಲಿ ನಿಂತು ಜೀವ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಅವರು ಎರಡು ಕಟ್ಟಡ ದಾಟಿ ಅನುಮಾನಿಸಿ ನಿಂತಾಗ ಇವಳ ಕೈ ತಾನಾಗಿ ಮೇಲೆದ್ದು ಬೀಸಿತು. ಅಕ್ಕ ಕಂಡರು, ನಕ್ಕರು, ಬಂದರು. ಮೇಸ್ತ್ರಿ ಫೋನಿನಲ್ಲಿ "ಗೆದ್ದೆ ಅಕ್ಕಾ!" ಎಂದ. ಅವಳ ದನಿಯಲ್ಲಿ ಗೆಲುವಿರಲಿಲ್ಲ.

"ನನ್ನ ನೋಡ್ಕೊಂಡು ಬಂದ್ಲು ಕಣೋ. ಗೋಡೆ ನೋಡ್ಕೊಂಡಲ್ಲ. ಆಡಿ ನೋಡೋರ ಬೆನ್ನ ಹಿಂದೆ ನಿಂತು ಕೈ ತೋರಿಸಬಾರದು ಅಂತ ನಾವೇ ಎಲ್ರಿಗೂ ಹೇಳ್ತೀವಿ. ಅವಳ ವಿಷಯದಲ್ಲಿ ನನ್ನ ಕೈ ಕೇಳಲ್ಲ."

"ಹಾಗಾದ್ರೆ ಸ್ಟುಡಿಯೋಗೆ ಬಂದ್ಬಿಡು. ಅಲ್ಲಿಂದ ಕಾಣಲ್ಲ."

"ಗುರುವಾರ ಅಣ್ಣ ಬರ್ತಾನೆ. ನಾಳೆ ನೋಡ್ತೀನಿ. ನಾಳೆ ಕೈ ಎತ್ತಲ್ಲ."

ಅಣ್ಣ ಬಂದದ್ದು ಗುರುವಾರವಲ್ಲ, ಮಂಗಳವಾರ ಸಂಜೆಯೇ. ಬಂದವನು ವಾಪಸ್ ಹೋಗಿಲ್ಲ. ಹೆಂಡತಿಯನ್ನೂ ಕರೆಸಿಕೊಂಡು ಆ ಮನೆಯಲ್ಲೇ ಇದ್ದಾನೆ. ಕಟ್ಟಿಟ್ಟಿದ್ದ ಬಟ್ಟೆಗಳೇನೂ ಇರಲಿಲ್ಲ, ಕೊಳೆಯಕ್ಕ ಕಟ್ಟಿರಲೇ ಇಲ್ಲ. ಕಂಡಕ್ಟರಮ್ಮ ಬೆಳಿಗ್ಗೆ ಸಂಜೆ ಗೇಟಿನ ತನಕ ಹೋಗಿ ಬರುತ್ತಾರೆ. ಬಾಗಿಲನ್ನು ಹೊರಗಿನಿಂದ ಯಾರೂ ಹಾಕಿಲ್ಲ. ಎಷ್ಟು ದಿನ ಹೀಗೆ ನಡೆಯುತ್ತದೋ ಯಾರಿಗೂ ಗೊತ್ತಿಲ್ಲ, ಮರೆವು ಬಣ್ಣವನ್ನೂ ನುಂಗುವ ದಿನ ಬರಬಹುದು. ಬಂದು ಕೂತು, ಪುಟ್ಟಿ ಇನ್ನೂ ಸ್ಟುಡಿಯೋದಿಂದ ಬಂದಿಲ್ಲವಾ ಎಂದು ಕೇಳುತ್ತಾರೆ. ಅಣ್ಣ ಒಂದೊಂದು ದಿನ ಒಂದೊಂದು ಹೇಳುತ್ತಾನೆ.

ಮಂಗಳವಾರ ಬೆಳಿಗ್ಗೆ ನಡೆದದ್ದನ್ನು ನೋಡಿದವಳು ಎಳೆಗೂಸಿನ ತಾಯಿ. ಎದುರು ಕಟ್ಟಡದ ಬಾಲ್ಕನಿಯಲ್ಲಿ ಮಗುವಿನ ಬಟ್ಟೆ ಹರವುತ್ತಿದ್ದಳು. ಮುದುಕಿ ಈ ಕಡೆ ತಿರುಗಿದರೆ ಬಾಗಿಲು ಹಾಕಿಕೊಳ್ಳಬೇಕೆಂದು ಒಂದು ಕಣ್ಣು ಹಾದಿಯ ಮೇಲೇ ಇಟ್ಟಿದ್ದಳಂತೆ. ಕಂಡಕ್ಟರಮ್ಮ ಗೇಟಿನಿಂದ ಬಂದರು. ಮೊದಲ ಕಟ್ಟಡ ದಾಟಿದರು. ಎರಡನೆಯದರ ಮುಂದೆ ಕಾಲು ತಡೆಯಿತು, ದಾಟಿದರು. ಆಮೇಲೆ ಹಾದಿಯ ನಡುವೆ ನಿಂತುಬಿಟ್ಟರು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕತೊಡಗಿದರು. ಬಾಲ್ಕನಿಯವಳಿಗೆ ಕೂಗಿ ಕರೆಯಬೇಕೆನ್ನಿಸಿತಂತೆ, ಮೊದಲ ಸಲ, ಹೆದರಿ ಅಲ್ಲ. ಅಷ್ಟರಲ್ಲಿ ಅವರು ತಲೆ ಎತ್ತಿದರು. ಬೆನ್ನು ನೆಟ್ಟಗಾಯಿತು. ಸೀದಾ ನಡೆದು ಹಳದಿ ಗೋಡೆಯ ಪಕ್ಕದಿಂದ ಒಳಗೆ ಹೋದರು. ತಿರುವಿನ ನೆರಳಿನಲ್ಲಿ ಗೋಡೆಗೆ ಒರಗಿ ಕೂತಿದ್ದ ತಂಗಿಯನ್ನು ಕಾಣದೆ ಮೇಲೆ ಹತ್ತಿ, ಬಾಗಿಲು ತೆಗೆದು, ಚಪ್ಪಲಿ ಒಳಗಿಟ್ಟು ಕೂತರು. ಸರಿಯಾದ ಮನೆ.

ಅವರು ಹಾದಿಯ ನಡುವೆ ನಿಂತಿದ್ದಾಗ ತಿರುವಿನ ಕಿಟಕಿಯಲ್ಲಿ ಕೊಳೆಯಕ್ಕ ಇದ್ದದ್ದನ್ನು ಬಾಲ್ಕನಿಯವಳು ನೋಡಿದ್ದಳು. ಒಂದು ಕೈ ಎದೆಯ ಮೇಲಿತ್ತು. ಇನ್ನೊಂದು ಕೈ ಭುಜದ ತನಕ ಎದ್ದಿತ್ತು. ಅಕ್ಕ ಇನ್ನೂ ತಲೆ ಎತ್ತಿರಲಿಲ್ಲ. ಕೊಳೆಯಕ್ಕ ಆ ಕೈಯನ್ನು ಕೆಳಗಿಳಿಸಿ, ಕಿಟಕಿಯಿಂದ ಕಾಣದ ಹಾಗೆ ಹಿಂದಕ್ಕೆ ಸರಿದಳು.